ಅತ್ತೆಯ ಮೊಣಕಾಲ ಚಿಪ್ಪು

ಧಾರವಾಡದವರಾದ ನಮಗೆ ಸಮುದ್ರದ ಪರಿಚಯವಾದದ್ದು ಅಪ್ಪನಿಗೆ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ. ಎಂಬತ್ತರ ದಶಕ ಅರ್ಧ ದಾಟಿತ್ತು. ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು, ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಜನವರಿಯ ಒಂದು ಬೆಳಿಗ್ಗೆ, ನೀರು ಇಳಿದಿರುವ ಹೊತ್ತು ನೋಡಿಕೊಂಡು, ಪ್ರಾಣಿಶಾಸ್ತ್ರದ ಮೇಡಂ ನಮ್ಮನ್ನೆಲ್ಲ ಋಷಿಕೊಂಡದ ಬಂಡೆಗಳ ಹತ್ತಿರ ಕರೆದುಕೊಂಡು ಹೋದರು.

ಬಂಡೆಗಳ ಮೇಲೆ ಪುಟ್ಟ ಟೋಪಿಗಳನ್ನು ಅಂಟಿಸಿಟ್ಟ ಹಾಗೆ ಏನೋ ಕೂತಿದ್ದವು. ಬಸವನಹುಳುವಿನ ಬಳಗದ್ದೇ ಜೀವಿ, ಆದರೆ ಚಿಪ್ಪಿಗೆ ಸುರುಳಿಯಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಲಿಂಪೆಟ್ ಅನ್ನುತ್ತಾರೆ ಎಂದರು ಮೇಡಂ. ಪಠ್ಯಪುಸ್ತಕದಲ್ಲಿ ಅದರ ಹೆಸರು ಪಟೆಲ್ಲಾ. ಲ್ಯಾಟಿನ್ನಿನಲ್ಲಿ ಪುಟ್ಟ ತಟ್ಟೆ ಎಂದರ್ಥವಂತೆ. ನಾನು ಒಂದನ್ನು ಬೆರಳಿನಿಂದ ಮುಟ್ಟಿದೆ. ಅದು ಬಂಡೆಗೆ ಇನ್ನಷ್ಟು ಕಚ್ಚಿಕೊಂಡಿತು. ಎಬ್ಬಿಸಲು ಹೋದರೆ ನನ್ನ ಉಗುರೇ ಸೀಳಿತು.

“ಮುಟ್ಟಿದಷ್ಟೂ ಬಿಗಿಯುತ್ತದೆ, ಬಿಡು,” ಎಂದು ಮೇಡಂ ತೆಲುಗಿನಲ್ಲಿ ಗದರಿದರು. “ನೀರು ಏರಿದ ಮೇಲೆ ತಾನಾಗಿಯೇ ಹೊರಟು ಪಾಚಿ ಮೇಯುತ್ತದೆ. ಮೇಯ್ದು ತನ್ನ ಜಾಗಕ್ಕೇ ಮರಳುತ್ತದೆ.”

ಅದಾದ ಕೆಲವೇ ದಿನಕ್ಕೆ ಸಂಕ್ರಾಂತಿ ರಜೆ ಬಂತು. ರಜೆ ಬಂದರೆ ನಾನು ವಿಜಯವಾಡದ ಅತ್ತೆಯ ಮನೆಗೆ ಹೋಗುವುದು ರೂಢಿ. ಅತ್ತೆ ಅಪ್ಪನ ಅಕ್ಕ. ತೆಲುಗಿನವರನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದಳು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಟೀಚರು. ಮಕ್ಕಳಿರಲಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಅವಳು ಮೈದಾನಕ್ಕಿಳಿದರೆ ಹುಡುಗಿಯರ ಜೊತೆ ತಾನೂ ಓಡುತ್ತಿದ್ದಳು. ಆ ಸಲ ಗಣರಾಜ್ಯೋತ್ಸವದ ಕವಾಯತಿನ ತಾಲೀಮು ರಜೆಯಲ್ಲೂ ನಡೆದಿತ್ತು. ಓಡುತ್ತಾ ಹಿಂದಕ್ಕೆ ತಿರುಗಿ ಯಾರನ್ನೋ ಕೂಗಿದಾಗ ಅತ್ತೆ ಜಲ್ಲಿಕಲ್ಲಿನ ಮೇಲೆ ಜಾರಿ ನೇರ ಮೊಣಕಾಲೂರಿ ಬಿದ್ದಳು.

ಆಸ್ಪತ್ರೆಗೆ ಮಾವನ ಜೊತೆ ನಾನೂ ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಪಟೆಲ್ಲಾ ಫ್ರ್ಯಾಕ್ಚರ್. ಚಿಪ್ಪ ವಿರಿಗಿಂದಮ್ಮಾ,” ಎಂದರು. ಚಿಪ್ಪು ಮುರಿದಿದೆಯಮ್ಮಾ ಎಂದು. ಪಟೆಲ್ಲಾ ಎಂಬ ಹೆಸರು ಕೇಳಿ ನನಗೆ ತಡೆಯಲಾಗದೆ ನಗು ಬಂದುಬಿಟ್ಟಿತು.

ಆಟೋ ಹತ್ತಿದ ಮೇಲೆ ಅತ್ತೆ ನನ್ನ ಮೇಲೆ ಹರಿಹಾಯ್ದಳು. “ನನ್ನ ಕಾಲು ಮುರದೈತಿ, ನಿನಗ ನಗಿ ಬರತೈತೇನ?”

“ಅಲ್ಲ ಅತ್ತಿ, ಮೊನ್ನೆ ಸಮುದ್ರದಾಗ ಒಂದು ಹುಳ ನೋಡೇನಿ. ಅದರ ಹೆಸರೂ ಪಟೆಲ್ಲಾನ.” ಬಂಡೆ, ಟೋಪಿ, ಪುಟ್ಟ ತಟ್ಟೆ, ಎಲ್ಲ ಹೇಳಿದೆ.

ಅವಳು ನೋವಿನಲ್ಲೂ ಯೋಚಿಸಿದಳು. “ಹಂಗಾರ ಲ್ಯಾಟಿನ್ನಿನವರೂ ನಮ್ಮಂಗ ಅಂದಾರ. ನಾವು ಮೊಣಕಾಲ ಚಿಪ್ಪು ಅಂತೀವಿ, ಇವರು ಚಿಪ್ಪ ಅಂತಾರ. ಆ ಹುಳಕ್ಕ ಕನ್ನಡದಾಗ ಏನಂತಾರ?”

“ಗೊತ್ತಿಲ್ಲ ಅತ್ತಿ. ಸಮುದ್ರದ ದಂಡಿ ಮ್ಯಾಲಿನವರು ಏನರ ಅಂತಿರಬೇಕು.”

ಮುಂದಿನ ಸೀಟಿನಿಂದ ಮಾವ ತಿರುಗಿದರು. ಅತ್ತೆಯಿಂದ ಕಲಿತ ಕನ್ನಡ ಅವರದು. “ಲಿಂಪೆಟ್ ಅಂದರೆ ನನಗೆ ಗೊತ್ತು. ಕುರ್ಚಿ ಬಿಟ್ಟು ಏಳದೋರಿಗೆ ನಮ್ಮ ಆಫೀಸರ್ ಗಾರು ಲಿಂಪೆಟ್ ಅಂತ ಬೈತಾರ.”

“ಇನ್ನ ಮ್ಯಾಲೆ ನಾನೂ ಲಿಂಪೆಟ್ಟ ಆದೆ ಬಿಡ್ರಿ,” ಎಂದಳು ಅತ್ತೆ. ಮೂವರೂ ನಕ್ಕೆವು.

ಆ ಮಾತು ನಿಜವಾಗುತ್ತದೆಂದು ಯಾರಿಗೂ ಅನ್ನಿಸಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿಕೊಂಡಿತ್ತು, ಆದರೆ ಕಾಲು ಮಡಚುತ್ತಿರಲಿಲ್ಲ. ದಿನಾ ಮಂಚದ ಅಂಚಿನಲ್ಲಿ ಕೂತು ನಿಧಾನವಾಗಿ ಮಡಚಿ ಎಂದು ಡಾಕ್ಟರು ಹೇಳಿದ್ದರು. ಮಾವ ಹಿಮ್ಮಡಿಗೆ ಕೈ ಹಾಕಿದರೆ ಸಾಕು, ಅತ್ತೆ ಇಡೀ ಕಾಲನ್ನು ಬಿಗಿಹಿಡಿದು ಚೀರುತ್ತಿದ್ದಳು. ಅವರೂ ಹೆದರಿ ಬಿಟ್ಟರು. “ಪರವಾಲೇದು, ನೀನು ಕೂತಿರು,” ಎಂದು ಊಟ, ಕಾಫಿ ಎಲ್ಲ ಮಂಚಕ್ಕೇ ತರತೊಡಗಿದರು. ಶಾಲೆಯ ಹೆಡ್‌ಮಿಸ್ಟ್ರೆಸ್ ಹಣ್ಣು ಹಿಡಿದು ನೋಡಲು ಬಂದವರು, ಜೂನ್‌ನಿಂದ ಹೊಲಿಗೆ ಕ್ಲಾಸು ನೋಡಿಕೊಳ್ಳಿ, ಮೈದಾನಕ್ಕೆ ಬೇರೆಯವರನ್ನು ಹಾಕೋಣ ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಬೇಸಿಗೆ ರಜೆಗೆ ಅಪ್ಪ ಹೋಗಿ ಅತ್ತೆಯನ್ನು ನಮ್ಮ ಮನೆಗೆ ಕರೆತಂದರು. ರೈಲಿನಿಂದ ಇಳಿದವಳು ಕೋಲೂರಿಕೊಂಡು, ಕಾಲನ್ನು ಕಟ್ಟಿಗೆಯ ಹಾಗೆ ಎಳೆಯುತ್ತಾ ನಡೆದಳು. “ಸಾಲಿಯವರು ನನ್ನ ಕೈಯಾಗ ಚಿಪ್ಪ ಕೊಟ್ಟರು ನೋಡ,” ಎಂದಳು. ತೆಲುಗಿನಲ್ಲಿ ಹಾಗೆಂದರೆ ಬರಿಗೈ ಮಾಡಿ ಕಳಿಸುವುದು. ಚಿಪ್ಪ ಎಂದರೆ ತಿರುಕರ ಬಟ್ಟಲು ಕೂಡ. ನಗಿಸಲೆಂದು ಆಡಿದ ಮಾತಾದರೂ ನನಗೆ ನಗು ಬರಲಿಲ್ಲ.

ಒಂದು ಭಾನುವಾರ ನಸುಕಿನಲ್ಲೇ ಎರಡು ಬಸ್ಸು ಬದಲಾಯಿಸಿ ಅವಳನ್ನು ಋಷಿಕೊಂಡಕ್ಕೆ ಕರೆದೊಯ್ದೆ. ಆ ಹುಳವನ್ನು ತೋರಿಸು ಎಂದು ಅವಳೇ ಕೇಳಿದ್ದಳು. ನೀರು ಇಳಿದಿತ್ತು. ಲಿಂಪೆಟ್‌ಗಳು ತಗ್ಗಾದ ಬಂಡೆಯೊಂದರ ಬದಿಗೆ ಅಂಟಿದ್ದವು; ಕುಕ್ಕರಗಾಲಲ್ಲಿ ಕೂತರೆ ಮಾತ್ರ ಸರಿಯಾಗಿ ಕಾಣುವಂತಿದ್ದವು. ಅತ್ತೆ ನಿಂತೇ ಬಗ್ಗಿ ನೋಡಿದಳು, ಸರಿಯಾಗಿ ಕಾಣಲಿಲ್ಲ. ಕೋಲಿನಿಂದ ಒಂದನ್ನು ತಟ್ಟಿದಳು, ಅದು ಅಲುಗಲಿಲ್ಲ.

“ಎಷ್ಟರ ಹಟ ಇದಕ್ಕ!”

“ಹಟ ಅಲ್ಲ ಅತ್ತಿ, ಅಂಜಿಕಿ. ಯಾರರ ಮುಟ್ಟಿದರ ಬಿಗಿ ಹಿಡೀತೈತಿ. ಬಿಟ್ಟುಬಿಟ್ಟರ ತಾನಽ ಅಡ್ಡಾಡತೈತಿ.”

ಮೇಡಂ ಹೇಳಿದ್ದನ್ನೇ ನಾನು ಒಪ್ಪಿಸಿದ್ದು. ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಕೋಲನ್ನು ಮರಳಿನ ಮೇಲೆ ಒಗೆದು, “ನೀ ಮುಟ್ಟಬ್ಯಾಡ. ಸುಮ್ಮನ ಬಾಜೂಕ ನಿಂದರು,” ಎಂದಳು. ಬಂಡೆಗೆ ಎರಡೂ ಕೈ ಊರಿ, ಹಲ್ಲು ಕಚ್ಚಿ, ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿದಳು. ಹಣೆಯ ಮೇಲೆ ಬೆವರು ಮೂಡಿತು. ಅರ್ಧಕ್ಕೆ ನಿಂತಳು, ಉಸಿರು ಬಿಟ್ಟಳು, ಇನ್ನಷ್ಟು ಇಳಿದಳು. ಪೂರ್ತಿ ಕೂರಲಾಗಲಿಲ್ಲ. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ಕಾಲು ಅಷ್ಟು ಮಡಚಿದ್ದು ಅದೇ ಮೊದಲು. ಮೇಲೇಳುವಾಗ ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೈಗುಳವಿತ್ತು.

“ಮುಂದಿನ ಐತ್ವಾರ ಮತ್ತ ಬರೂಣು,” ಎಂದಳು.

ಮನೆಯಲ್ಲಿ ಅಂದಿನಿಂದ ಅವಳದೇ ಕಾರುಬಾರು. ಬೆಳಿಗ್ಗೆ ಸಂಜೆ ಬಾಗಿಲ ಚೌಕಟ್ಟು ಹಿಡಿದು ತಾನೇ ಮಡಚುತ್ತಿದ್ದಳು, ಯಾರಿಗೂ ಕೈ ಹಾಕಗೊಡುತ್ತಿರಲಿಲ್ಲ. ಮೇ ತಿಂಗಳ ಕೊನೆಗೆ ಆ ಬಂಡೆಯ ಪಕ್ಕ ಪೂರ್ತಿ ಕೂತಳು. ನೀರು ಏರಿ ಅಲೆ ಮೇಲೆ ಹಾಯತೊಡಗಿದಾಗ ಒಂದು ಲಿಂಪೆಟ್ ಚಿಪ್ಪನ್ನು ಕೂದಲೆಳೆಯಷ್ಟು ಎತ್ತಿ ಮೆಲ್ಲಗೆ ಸರಿದದ್ದನ್ನು ಇಬ್ಬರೂ ಕಣ್ಣಾರೆ ಕಂಡೆವು. ಅಷ್ಟರಲ್ಲಿ ಸೀರೆಯೆಲ್ಲ ಒದ್ದೆ. ಅತ್ತೆ ಚಪ್ಪಾಳೆ ತಟ್ಟಿ, “ಹೊಂಟತು, ಹೊಂಟತು!” ಎಂದು ಕೂಗಿದಳು.

ಜೂನ್‌ನಲ್ಲಿ ವಿಜಯವಾಡಕ್ಕೆ ಮರಳಿದ ಅತ್ತೆ ಹೆಡ್‌ಮಿಸ್ಟ್ರೆಸ್ ಎದುರು ನಿಂತು, ಹೊಲಿಗೆ ನನಗೆ ಬರುವುದಿಲ್ಲ, ಮೈದಾನವೇ ಬೇಕು ಎಂದಳಂತೆ. ಅವರು ಒಂದು ತಿಂಗಳು ನೋಡೋಣ ಎಂದರು. ಮೊದಲಿನ ಹಾಗೆ ಓಡಲು ಅವಳಿಗೆ ಮತ್ತೆ ಆಗಲೇ ಇಲ್ಲ. ಮೆಟ್ಟಿಲು ಇಳಿಯುವಾಗ ಕಾಲು ಸ್ವಲ್ಪ ಎಳೆಯುತ್ತಿತ್ತು. ಗೆರೆಯ ಹೊರಗೆ ನಿಂತೇ ಥ್ರೋಬಾಲ್ ಕಲಿಸಿದಳು. ತಿಂಗಳಾದ ಮೇಲೆ ಹೊಲಿಗೆಯ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ಚಳಿಗಾಲದಲ್ಲಿ ತನ್ನ ತಂಡವನ್ನು ವಿಶಾಖಪಟ್ಟಣಕ್ಕೆ ಪಂದ್ಯಕ್ಕೆ ಕರೆತಂದಳು. ಇಡೀ ತಂಡ ನಮ್ಮ ಪುಟ್ಟ ಮನೆಗೆ ಉಪ್ಪಿಟ್ಟಿಗೆ ಬಂತು. ಅಮ್ಮ ಎರಡು ಸಲ ರವೆ ಹುರಿದರೂ ಸಾಲಲಿಲ್ಲ. ಆಟ ಶುರುವಾದ ಮೇಲೆ ಅತ್ತೆ ತೆಲುಗಿನಲ್ಲಿ ಕೂಗಿ ಹೇಳುತ್ತಿದ್ದವಳು, ಅಂಕ ಹಿಂದೆ ಬಿದ್ದೊಡನೆ ಸಿಟ್ಟು ನೆತ್ತಿಗೇರಿ ಧಾರವಾಡದ ಕನ್ನಡಕ್ಕೆ ಇಳಿದಳು: “ಏ ಹುಡಿಗಿ, ಚಂಡು ನೋಡಲೇ, ನನ್ನ ಮಾರಿ ಏನ ನೋಡತಿ!” ಆ ಹುಡುಗಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಚಂಗನೆ ಹಾರಿ ಚೆಂಡು ಹಿಡಿದಳು.