ಬಾಳೆಗೊನೆಯ ಗಾಡಿಗೆ ಬಿಚ್ಚಿಡುವ ಕೊಂಡಿ

೨೦೦೨ರ ಮಾತು. ಆಗಿನ್ನೂ ನಮ್ಮ ಊರನ್ನು ಗುಲಬರ್ಗಾ ಎಂದೇ ಬರೆಯುತ್ತಿದ್ದರು. ಹುಮನಾಬಾದ್ ರಸ್ತೆಯ ಪಕ್ಕದಲ್ಲಿ ನನ್ನದೊಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇತ್ತು. ಲಾರಿ ಚಾಸಿಸ್‌ಗಳನ್ನು ಬಲಪಡಿಸುವುದು, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವುದು, ನೀರಿನ ಟ್ಯಾಂಕರ್ ಬೆಸೆಯುವುದು ನಮ್ಮ ನಿತ್ಯದ ಕೆಲಸ. ಶಹಾಬಜಾರದ ನಮ್ಮ ಮನೆಯಲ್ಲಿ ಅಜ್ಜ, ತಂದೆ ಇಬ್ಬರೂ ಪೌರೋಹಿತ್ಯ ಮಾಡಿದವರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಕಬ್ಬಿಣದ ಕೆಲಸಕ್ಕೆ ಇಳಿದವನು ನಾನೊಬ್ಬನೇ. ಎಷ್ಟೋ ದೊಡ್ಡ ಕೆಲಸಗಳನ್ನು ಮಾಡಿದ್ದೇನೆ. ನೆನೆದಾಗಲೆಲ್ಲ ನಗು ತರಿಸುವುದು ಮಾತ್ರ ಈ ಸಣ್ಣ ಕೆಲಸ.

ಆ ವರ್ಷ ಚಳಿಗಾಲ ಮುಗಿಯುತ್ತಿದ್ದಾಗ ಕಮಲಾಪುರದಿಂದ ಕಸ್ತೂರಿಬಾಯಿ ಎಂಬ ಹೆಣ್ಣುಮಗಳು ವರ್ಕ್‌ಶಾಪಿಗೆ ಬಂದರು. ಹತ್ತಾರು ಹೆಂಗಸರ ತಂಡ ಕಟ್ಟಿಕೊಂಡು ಮದುವೆಮನೆಗಳ ಅಡುಗೆ ಹಿಡಿಯುವವರು ಅವರು. ಜೊತೆಗೆ ಬಂದವನು ಅವರ ಮೈದುನ ಅಣ್ಣೆಪ್ಪ. ಅವನ ಪಿಕಪ್ ಹೊರಗೆ ನಿಂತಿತ್ತು.

"ಸಾಹೇಬ್ರ, ಗಾಲಿ ಇರೋ ಖೋಲಿ ಒಂದು ತಗೊಂಡೀನ್ರಿ. ಅದರಾಗ ಒಲಿ ಹೂಡಿ ಅಡಗಿಮನಿ ಮಾಡಾಕತ್ತೀನಿ. ಇವನ ಗಾಡಿಗೆ ಕಟ್ಟಿ ಎಳಿಯೋಹಂಗ ಮಾಡಿಕೊಡ್ರಿ," ಎಂದರು ಕಸ್ತೂರಿಬಾಯಿ.

ಅಣ್ಣೆಪ್ಪ ಅವರ ಮಾತು ಮುಗಿಯುವುದನ್ನೂ ಕಾಯಲಿಲ್ಲ. "ನನ್ನ ಗಾಡಿಗೆ ಏನೂ ಕಟ್ಟೂದು ಬ್ಯಾಡ್ರಿ. ದಿನಾ ಮುಂಜಾನಿ ಅದರಾಗ ಬಾಳಿಗೊನಿ ಹೇರಬೇಕು. ಒಂದು ಗೊನಿಗಿ ಪೆಟ್ಟು ಬಿದ್ರ ಬಜಾರದಾಗ ಯಾರೂ ಮುಟ್ಟಂಗಿಲ್ಲ."

ಕಮಲಾಪುರದ ಕೆಂಪು ಬಾಳೆ ತಿಂದವರಿಗೆ ಅವನ ಕಾಳಜಿ ಅರ್ಥವಾದೀತು. ಇಬ್ಬರಿಗೂ ಚಹಾ ಕೊಟ್ಟು, ಮೊದಲು ಖೋಲಿಯನ್ನು ನೋಡುತ್ತೇನೆ ಎಂದು ಹೇಳಿ ಕಳಿಸಿದೆ.

ಎರಡು ದಿನ ಬಿಟ್ಟು ಕಮಲಾಪುರಕ್ಕೆ ಹೋದೆ. ಅದು ರಸ್ತೆ ಕಾಮಗಾರಿಗೆ ಬಂದಿದ್ದ ಒಂದು ಕಂಪನಿಯವರು ಕೆಲಸ ಮುಗಿಸಿ ಹೋಗುವಾಗ ಹರಾಜಿನಲ್ಲಿ ಮಾರಿದ ಕ್ಯಾಬಿನ್ ಟ್ರೇಲರ್. ಅದರ ಮುಂಭಾಗ ಒಂಟೆಯ ಕತ್ತಿನಂತೆ ಮೇಲಕ್ಕೆದ್ದು ಮುಂದೆ ಚಾಚಿತ್ತು. ಕತ್ತಿನ ಕೆಳಗೆ ದಪ್ಪನೆಯ ಉಕ್ಕಿನ ಗೂಟವೊಂದು ನೆಲ ನೋಡುತ್ತಿತ್ತು. ಇದಕ್ಕೆ ಕಿಂಗ್‌ಪಿನ್ ಎನ್ನುತ್ತಾರೆ. ಸಾಮಾನ್ಯ ಟ್ರೇಲರನ್ನು ಗಾಡಿಯ ಬಾಲಕ್ಕೆ ಕಟ್ಟುತ್ತೇವೆ. ಇಂಥದ್ದನ್ನು ಗಾಡಿಯ ಬೆನ್ನ ಮೇಲೆ, ಹಿಂದಿನ ಆಕ್ಸೆಲ್‌ನ ನೇರಕ್ಕೆ ಕೂರಿಸಬೇಕು. ಕಿಂಗ್‌ಪಿನ್ ಬಂದು ಕೂರುವ, ಕುದುರೆ ಲಾಳದ ಆಕಾರದ ಉಕ್ಕಿನ ತಟ್ಟೆಗೆ ಫಿಫ್ತ್ ವೀಲ್ ಎಂದು ಹೆಸರು. ಐದನೇ ಗಾಲಿ ಎಂದರೂ ಅದು ಉರುಳುವುದಿಲ್ಲ, ಗೂಟವನ್ನು ಕಚ್ಚಿ ಹಿಡಿಯುತ್ತದೆ.

ಖೋಲಿಯನ್ನು ಟ್ರ್ಯಾಕ್ಟರಿನಿಂದ ಎಳೆಸಿ ವೇಬ್ರಿಡ್ಜ್‌ನಲ್ಲಿ ತೂಗಿದೆವು. ಒಲೆ, ಪಾತ್ರೆ ಸೇರಿ ಸುಮಾರು ಒಂದೂವರೆ ಟನ್. ಅದರಲ್ಲಿ ಐದನೆಯ ಒಂದು ಭಾಗ, ಅಂದರೆ ಮೂರು ಕ್ವಿಂಟಲ್‌ನಷ್ಟು, ಪಿಕಪ್‌ನ ಮೇಲೆ ಕೂರುತ್ತದೆ. ನೀರಿನ ಟ್ಯಾಂಕ್ ಖಾಲಿ ಇಟ್ಟುಕೊಂಡು, ಟ್ರೇಲರಿನ ಸ್ವಂತ ಬ್ರೇಕ್ ಸರಿಪಡಿಸಿದರೆ ಎಳೆಯಲು ಅಡ್ಡಿಯಿರಲಿಲ್ಲ. ಉಳಿದ ಪ್ರಶ್ನೆ, ಯಾವ ಕೊಂಡಿ?

ಗಾಡಿಯ ನೆಲಕ್ಕೆ ಕಾಯಂ ಆಗಿ ಬೋಲ್ಟ್ ಮಾಡಿಬಿಡುವುದು ಸುಲಭ. ಅದು ಅಲುಗುವುದಿಲ್ಲ, ಸದ್ದೂ ಮಾಡುವುದಿಲ್ಲ. ಆದರೆ ನೆಲದ ನಟ್ಟನಡುವೆ ಮೊಣಕಾಲೆತ್ತರದ ಕಬ್ಬಿಣ ನಿಂತರೆ ಬಾಳೆಗೊನೆ ಹೇರುವುದು ಎಲ್ಲಿ? ಅಣ್ಣೆಪ್ಪ ಒಪ್ಪಲಿಲ್ಲ. ಅವನು ಹೇಳಿದ್ದು ಸರಿಯೇ ಇತ್ತು. ಹೈದರಾಬಾದಿಗೆ ಹೋಗಿ ಸಿದ್ಧ ಕೊಂಡಿಗಳನ್ನು ನೋಡಿದೆ. ಎಲ್ಲವೂ ದೊಡ್ಡ ಲಾರಿಗಳವು. ಒಬ್ಬ ವ್ಯಾಪಾರಿಯ ಬಳಿ ಬಿಚ್ಚಿಡಬಹುದಾದ ಮಾದರಿಯ ಚಿತ್ರ ಸಿಕ್ಕಿತು. ನೆಲದ ಮೇಲೆ ಎರಡು ರೇಲ್ ಹಾಕಿ, ಅವುಗಳಲ್ಲಿ ಕೊಂಡಿಯ ಕಾಲುಗಳನ್ನು ಪಿನ್ನಿನಿಂದ ಸಿಕ್ಕಿಸುವುದು. ಬೇಡವಾದಾಗ ಪಿನ್ ಕಿತ್ತು ಎತ್ತಿಡುವುದು. ಇದೇ ಸರಿ ಎಂದುಕೊಂಡು ಊರಿಗೆ ಬಂದು, ರಟ್ಟಿನಲ್ಲಿ ಅದರ ಮಾದರಿ ಮಾಡಿ ಪಿಕಪ್‌ನಲ್ಲಿಟ್ಟು ತೋರಿಸಿದೆ.

ಅಣ್ಣೆಪ್ಪ ರೇಲಿನ ಮೇಲೆ ಕೈಯಾಡಿಸಿದ. "ಇದು ಎರಡು ಬೆರಳಷ್ಟು ಎದ್ದು ನಿಂತದಲ್ರಿ. ಗೊನಿ ಇದರ ಮ್ಯಾಲೆ ಕುಂತ್ರ ಕೆಳಗಿನ ಹಣ್ಣೆಲ್ಲ ಕರ್ರಗಾಗ್ತಾವ."

ಕಸ್ತೂರಿಬಾಯಿ ಕೇಳಿದ್ದು ಬೇರೆ. "ಇದು ಎಷ್ಟು ವಜನ ಆಗ್ತದ್ರಿ?"

"ಎಪ್ಪತ್ತು ಕಿಲೋ ಆಗಬಹುದು."

"ಹಂಗಿದ್ರ ಇಳಸೋರು ಯಾರು? ನನ್ನ ಕೂಡ ಬರೋರೆಲ್ಲ ಹೆಣ್ಮಕ್ಕಳು. ಮದುವಿಮನ್ಯಾಗ ಗಂಡಸರನ್ನ ಹುಡುಕ್ಕೋತ ತಿರಗಲೇನ್ರಿ?"

ನಮ್ಮ ವೆಲ್ಡರ್ ಖಾಜಾಮಿಯಾ ಮುಸಿಮುಸಿ ನಕ್ಕ. ನನಗೂ ಉತ್ಸಾಹ ಬಂತು. ಸುಲಭದ ಕೆಲಸ ನಿತ್ಯವೂ ಇರುತ್ತದೆ, ಇಂಥ ಗಿರಾಕಿಗಳು ಎಲ್ಲಿ ಸಿಗಬೇಕು! ಆ ವಾರವಿಡೀ ನಾನು ಊಟ ಮಾಡುವಾಗಲೂ ತಾಟಿನ ಅಂಚಿಗೆ ಬೆರಳಿನಿಂದ ಗೆರೆ ಎಳೆಯುತ್ತಿದ್ದೆ ಎಂದು ಮನೆಯಾಕೆ ಇಂದಿಗೂ ಆಡಿಕೊಳ್ಳುತ್ತಾಳೆ.

ಕೊನೆಗೆ ಹೊಳೆದದ್ದು ಇಷ್ಟು: ರೇಲುಗಳನ್ನು ನೆಲದ ಮೇಲೆ ಇಡದೆ ನೆಲದ ಅಡಿಗೆ, ಚಾಸಿಸ್‌ಗೆ ನೇರವಾಗಿ ಬಿಗಿಯುವುದು. ನೆಲದ ತಗಡಿನಲ್ಲಿ ನಾಲ್ಕು ಸೀಳು ಕೊರೆದು ಕಾಲುಗಳನ್ನು ಅವುಗಳ ಮೂಲಕ ಇಳಿಸುವುದು. ಕೊಂಡಿ ತೆಗೆದ ಮೇಲೆ ಸೀಳುಗಳಿಗೆ ಮುಚ್ಚಳ ಹಾಕಿದರೆ ನೆಲ ಅಂಗೈಯಷ್ಟು ಸಪಾಟು. ಇನ್ನು ಕೊಂಡಿಯನ್ನೇ ಎರಡು ತುಂಡು ಮಾಡಿದೆ. ಕಾಲುಗಳದ್ದೊಂದು, ಮೇಲಿನ ತಟ್ಟೆಯದ್ದೊಂದು. ಒಂದೊಂದಕ್ಕೂ ಎರಡು ಹಿಡಿಕೆ. ಇಬ್ಬರು ಹೆಂಗಸರು ಆರಾಮಾಗಿ ಎತ್ತಬಹುದು. ನೆಲ ಸಪಾಟಾಗಿಯೇ ಉಳಿಯುತ್ತದೆ ಎಂದು ತೋರಿಸಿದ ಮೇಲೆ ಅಣ್ಣೆಪ್ಪ ಒಲ್ಲದ ಮನಸ್ಸಿನಿಂದಲೇ ಒಪ್ಪಿದ.

ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ ಪರೀಕ್ಷೆ ನಡೆಯಿತು. ಕೊಂಡಿ ಕಚ್ಚಿದ ಮೇಲೆ ಟ್ರೇಲರಿಗೆ ಬ್ರೇಕ್ ಹಾಕಿಟ್ಟು ಪಿಕಪ್ಪನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಬೇಕು. ಕೊಂಡಿ ಬಿಟ್ಟುಕೊಳ್ಳದಿದ್ದರೆ ಮಾತ್ರ ರಸ್ತೆಗೆ ಇಳಿಯಬೇಕು. ಈ ಪಾಠವನ್ನು ಅಣ್ಣೆಪ್ಪನಿಗೆ ಬೇಸರ ಬರುವಷ್ಟು ಸಲ ಮಾಡಿಸಿದೆ. ಗಿಡ್ಡ ತಿರುವಿನಲ್ಲಿ ಖೋಲಿಯ ಮೂಲೆ ಡ್ರೈವರ್ ಕ್ಯಾಬಿನ್ನಿಗೆ ತಾಗುವಂತಿತ್ತು. ಕೊಂಡಿಯನ್ನು ಹಿಂದಕ್ಕೆ ಸರಿಸಿದರೆ ಗಾಡಿಯ ಮೂತಿ ಮೇಲೇಳುತ್ತದೆ. ಹಾಗಾಗಿ ಖೋಲಿಯ ಮುಂದಿನ ಎರಡೂ ಮೂಲೆಗಳನ್ನೇ ಓರೆಯಾಗಿ ಕತ್ತರಿಸಿ ಬೆಸೆದೆವು. ಆರ್‌ಟಿಓ ತಪಾಸಣೆಯೂ ಮುಗಿಯಿತು. ಅಣ್ಣೆಪ್ಪನ ಮುಖ ಮಾತ್ರ ಇನ್ನೂ ಬಿಗಿದೇ ಇತ್ತು. ಗಾಡಿಯ ನೆಲಕ್ಕೆ ತೂತು ಬಿದ್ದದ್ದನ್ನು ಅವನು ಮರೆತಿರಲಿಲ್ಲ.

ಕಸ್ತೂರಿಬಾಯಿ ಹಿಡಿದ ಮೊದಲ ಮದುವೆ ಶರಣಸಿರಸಗಿಯಲ್ಲಿ. "ನೀವು ಉಣ್ಣಾಕ ಬರಲಿಲ್ಲಂದ್ರ ನಾ ಸಿಟ್ಟಾಗ್ತೀನಿ," ಎಂದು ಕರೆದಿದ್ದರು. ನಾನು ಹೋದಾಗ ಖೋಲಿ ಬೇವಿನ ಮರದ ಕೆಳಗೆ ನಿಂತು ಹೊಗೆಯಾಡುತ್ತಿತ್ತು. ರೊಟ್ಟಿ ಬಡಿಯುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಖೋಲಿಯಿಂದ ಬಿಡಿಸಿದ ಪಿಕಪ್ ಬದಿಗಿತ್ತು. ಕೊಂಡಿ ಇನ್ನೂ ಅದರ ಬೆನ್ನ ಮೇಲೆಯೇ ಇತ್ತು.

ಅಷ್ಟರಲ್ಲಿ ಮದುಮಗಳ ತಂದೆ ಗಾಬರಿಯಿಂದ ಓಡಿಬಂದರು. ಪಕ್ಕದ ಮನೆಗೆ ಫೋನ್ ಬಂದಿತ್ತು. ಬೀಗರ ಬಸ್ಸಿನ ಗಾಲಿಯ ಮೇಲಿನ ಕಮಾನ್ ಪಟ್ಟಿ ಕಟ್ ಆಗಿ ಕಮಲಾಪುರದ ಹತ್ತಿರ ನಿಂತುಬಿಟ್ಟಿದೆ. ಲಗ್ನದ ಸುಗ್ಗಿ, ಬಾಡಿಗೆಗೆ ಒಂದು ಜೀಪೂ ಸಿಗುತ್ತಿಲ್ಲ. ಮುಹೂರ್ತಕ್ಕೆ ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗ ಬರುವುದು ಹೇಗೆ?

ಚಪ್ಪರದಲ್ಲಿ ಕುಳಿತಿದ್ದ ಅಣ್ಣೆಪ್ಪ ಎದ್ದ. "ವೈನಿ, ಕೊಂಡಿ ಬಿಚ್ಚಸ್ರಿ. ನಾ ಹೋಗಿ ಕರ್ಕೊಂಡ ಬರ್ತೀನಿ."

ನಾಲ್ವರು ಹೆಂಗಸರು ಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡೇ ಓಡಿದರು. ಪಿನ್ ಕಿತ್ತರು. ಇಬ್ಬರು ತಟ್ಟೆ ಎತ್ತಿದರು, ಇನ್ನಿಬ್ಬರು ಕಾಲು ಎತ್ತಿದರು. ಮುಚ್ಚಳ ಬಿದ್ದವು. ಚಪ್ಪರದ ಜಮಖಾನವೊಂದನ್ನು ಎಳೆದು ಹಾಸಿಕೊಂಡು ಅಣ್ಣೆಪ್ಪ ಹೊರಟೇಬಿಟ್ಟ. ನಾನು ಸಹಾಯಕ್ಕೆಂದು ಮುಂದೆ ಹೋದವನು ಸುಮ್ಮನೆ ನಿಂತು ನೋಡಿದೆ. ಕಪ್ಪು ಬಣ್ಣ ಬಳಿದ ಕೊಂಡಿಯ ತುಂಬ ಬಿಳಿ ಬೆರಳುಗಳು ಮೂಡಿದ್ದವು.

ಕಾಯುವುದು ಕಷ್ಟವೇ ಆಯಿತು. ಮದುಮಗಳ ತಂದೆ ರಸ್ತೆಗೂ ಚಪ್ಪರಕ್ಕೂ ತಿರುಗುತ್ತಲೇ ಇದ್ದರು. ಕೊನೆಗೆ ಮೊದಲು ಕೇಳಿದ್ದು ಹಲಗೆ ವಾದ್ಯದ ಸದ್ದು, ಆಮೇಲೆ ಪಿಕಪ್‌ನ ಹಾರ್ನ್. ಸಪಾಟು ನೆಲದ ಮೇಲೆ ಬಾಸಿಂಗ ಕಟ್ಟಿಕೊಂಡ ಮದುಮಗ, ಅವನ ತಂದೆತಾಯಿ, ಅಕ್ಕ, ಮೂರು ಜನ ಹಲಗೆಯವರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಉಳಿದವರಿಗೆ ದಾರಿಯಲ್ಲಿ ಒಂದು ಟೆಂಪೋ ಸಿಕ್ಕಿತ್ತು, ಅದೂ ಹಿಂದೆಯೇ ಬಂತು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿಯೇ ಬಿದ್ದವು.

ಬೆವರೊರೆಸಿಕೊಳ್ಳುತ್ತ ಇಳಿದ ಅಣ್ಣೆಪ್ಪ ಸೀದಾ ನನ್ನ ಹತ್ತಿರ ಬಂದು ಬಾಯಿತುಂಬ ನಕ್ಕ. "ಸಾಹೇಬ್ರ, ನಿಮ್ಮ ಕೊಂಡಿ ಭಾರಿ ಅದ್ರಿ. ತೆಗದಿಟ್ಟಾಗಂತೂ ಇನ್ನೂ ಭಾರಿ!"

ಅವತ್ತು ಬಿಸಿ ರೊಟ್ಟಿ, ಎಣ್ಣೆಬದನೆಕಾಯಿ, ಶೇಂಗಾ ಹಿಂಡಿ ಉಂಡಿದ್ದಕ್ಕೆ ಲೆಕ್ಕವಿಲ್ಲ. ಕಸ್ತೂರಿಬಾಯಿ ತಾವೇ ನಿಂತು ಬಡಿಸಿದರು.

ಅಲ್ಲಿಯವರೆಗೆ ಗಿರಾಕಿ ಬಂದರೆ ನಾನು ಕೇಳುತ್ತಿದ್ದದ್ದು ಒಂದೇ: ಎಷ್ಟು ಭಾರ ಎಳೆಯಬೇಕು? ಆ ಮದುವೆಯ ನಂತರ ಇನ್ನೊಂದು ಪ್ರಶ್ನೆ ಸೇರಿಸಿದೆ: ಎಳೆಯದೆ ಇರುವಾಗ ನಿಮ್ಮ ಗಾಡಿ ಏನು ಮಾಡುತ್ತದೆ? ಬಹಳ ಜನ ಇದೆಂಥ ಪ್ರಶ್ನೆ ಎಂದು ನನ್ನನ್ನೇ ದಿಟ್ಟಿಸುತ್ತಿದ್ದರು. ಉತ್ತರಗಳು ಮಾತ್ರ ಕೆಲಸದ ಸ್ವರೂಪವನ್ನೇ ಬದಲಿಸುತ್ತಿದ್ದವು. ಒಮ್ಮೆ ಕಲ್ಲು ಸಾಗಿಸುವ ಡ್ರೈವರ್ ಒಬ್ಬ ನಾಚಿಕೊಂಡು, "ಮಧ್ಯಾಹ್ನ ಅದರಾಗ ನಾ ಮಲಗ್ತೀನ್ರಿ," ಎಂದ.

ಟೇಪು ತಂದು ಮೊದಲು ಅವನ ಎತ್ತರವನ್ನೇ ಅಳೆದುಕೊಂಡೆ.