ಟ್ಯಾಬ್ ಕಪಾಟಿನ ವಾರಿಜಕ್ಕ

ಬೆಳಕು ಹರಿಯುವ ಮೊದಲೇ ಕಾವೂರಿನ ಈ ಪ್ರೌಢಶಾಲೆಯ ಗೇಟು ಕಿರ್ರೆನ್ನುತ್ತದೆ. ವಾರಿಜಾಕ್ಷಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳ ಗುಡಿಸುತ್ತಾರೆ. ಆಮೇಲೆ ಕಂಪ್ಯೂಟರ್ ಕೋಣೆಯ ಕಪಾಟು ತೆರೆದು ಟ್ಯಾಬ್‌ಗಳನ್ನು ಒಂದೊಂದಾಗಿ ಒರೆಸಿ ಚಾರ್ಜಿಗಿಡುತ್ತಾರೆ. ಮೀನು ಕೊಯ್ದು ಕೊಯ್ದು ಒರಟಾದ ಕೈಗಳು, ಆದರೆ ಗಾಜಿನ ಮೇಲೆ ಹೂವಿನಂತೆ ಆಡುತ್ತವೆ. ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದವರು, ಮೊಣಕಾಲು ನೋವು ಹೆಚ್ಚಾದ ಮೇಲೆ ಇಲ್ಲಿ ಆಯಾ ಆದರು. ಮಕ್ಕಳಿಗೆಲ್ಲ ವಾರಿಜಕ್ಕ.

ಕಳೆದ ವರ್ಷ ಈ ಟ್ಯಾಬ್‌ಗಳ ಮೇಲೆ ದೊಡ್ಡ ಜಗಳವೇ ಆಗಿಹೋಯಿತು. ಪಾಠದ ನಡುವೆ ಕೆಲವರು ಗೇಮ್ ಆಡಿ ಸಿಕ್ಕಿಬಿದ್ದರು. ಮನೆಯ ಮೊಬೈಲ್ ಕಾಟ ಸಾಲದೆಂದು ಶಾಲೆಯಲ್ಲೂ ಇದು ಬೇಕಾ ಎಂದು ಹೆತ್ತವರು ಕೇಳಿದರು. ಟ್ಯಾಬ್‌ಗಳಿಗೆ ಬೀಗ ಬಿತ್ತು, ಬೀಗದ ಕೈ ವಾರಿಜಾಕ್ಷಿಯವರಿಗೆ ಬಂತು. ಯಾರೋ ಮಾಡಿದ್ದಕ್ಕೆ ಎಲ್ಲರಿಗೂ ಶಿಕ್ಷೆಯೇ ಎಂದು ಮಕ್ಕಳು ಮುನಿಸಿಕೊಂಡರು.

"ನಾನು ಸಹ ದೊಡ್ಡವರ ಕಡೆಯೇ ಇದ್ದದ್ದು," ಎನ್ನುತ್ತಾರೆ ವಾರಿಜಾಕ್ಷಿ. "ನಮ್ಮ ಪುಳ್ಳಿ ಉಂಟಲ್ಲ, ಮಗಳ ಮಗು, ಅದಕ್ಕೆ ಮೊಬೈಲ್ ತೋರಿಸದಿದ್ರೆ ಗಂಜಿ ಇಳಿಯುವುದಿಲ್ಲ. ಬೀಗ ಹಾಕಿದ್ದು ಒಳ್ಳೇದೇ ಆಯ್ತು ಅಂತ ಎಣಿಸಿದೆ."

ಅವರ ಮನಸ್ಸು ಬದಲಾದದ್ದು ಒಂಬತ್ತನೆಯ ತರಗತಿಯ ತೃಷಾಳಿಂದ. ಅವಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಟೀಚರ್ ಆಡಿದ ಮಾತು ಟ್ಯಾಬಿನಲ್ಲಿ ಅಕ್ಷರವಾಗಿ ಮೂಡುತ್ತಿತ್ತು, ಅದನ್ನು ಓದಿಯೇ ಅವಳು ಪಾಠ ಹಿಡಿಯುತ್ತಿದ್ದಳು. ಅದೂ ಕಪಾಟಿನೊಳಗೆ ಹೋಯಿತು. ತನಗೊಬ್ಬಳಿಗೇ ಬೇಕೆಂದು ಕೇಳಲು ಹುಡುಗಿಗೆ ನಾಚಿಕೆ. ಒಂದು ದಿನ ವರಾಂಡ ಒರೆಸುತ್ತಿದ್ದ ವಾರಿಜಾಕ್ಷಿ ಕಿಟಕಿಯಿಂದ ಕಂಡರು: ಟೀಚರ್ ಏನೋ ತಮಾಷೆ ಹೇಳಿದರು, ತರಗತಿ ಗೊಳ್ಳೆಂದಿತು. ತೃಷಾ ಮಾತ್ರ ಸುತ್ತಲಿನ ಮುಖಗಳನ್ನು ನೋಡಿ, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಕ್ಕಳು.

ಮುಂದಿನ ಹೆತ್ತವರ ಸಭೆಗೆ ಚಾ ಕೊಡಲು ಹೋದವರು ತಟ್ಟೆ ಕೆಳಗಿಟ್ಟು, ಹೆಡ್‌ಮಿಸ್ ಒಪ್ಪಿಗೆ ಪಡೆದು, ಕಂಡದ್ದನ್ನು ಹೇಳಿಯೇಬಿಟ್ಟರು. "ಆಟ ಆಡುವವರ ಕೈಯಿಂದ ತೆಗೀರಿ. ಆ ಹುಡುಗಿಯ ಕಿವಿ ಎಂತಕ್ಕೆ ತೆಗೀತೀರಿ?"

ಟ್ಯಾಬೇ ಬೇಡವೆಂದು ಜೋರು ವಾದಿಸಿದ್ದ ಝಕರಿಯಾ ಅವರೇ, ಮಕ್ಕಳನ್ನೂ ಕರೆಸಿ ಕೇಳುವ ಎಂದರು. ಮಕ್ಕಳ ಪರವಾಗಿ ಬಂದದ್ದು ಅವರದೇ ಮಗ ತಮೀಮ್. ಪಾಠಕ್ಕೆ ಬೇಕಾದಾಗ ಮಾತ್ರ ಕೊಡಿ, ಮುಗಿದ ಕೂಡಲೇ ನಾವೇ ಕಪಾಟಿನಲ್ಲಿ ಇಡುತ್ತೇವೆ ಎಂದ. ಅಲ್ಲೇ ತೀರ್ಮಾನವಾಯಿತು. ತೃಷಾಳ ಟ್ಯಾಬ್ ಮಾತ್ರ ದಿನವಿಡೀ ಅವಳ ಬಳಿಯೇ.

ಈಗ ತಮಾಷೆಗೆ ಅವಳದೇ ಮೊದಲ ನಗು. ಬಿಡುವಾದರೆ ಟ್ಯಾಬ್ ಹಿಡಿದು ವಾರಿಜಕ್ಕನ ಹತ್ತಿರ ಓಡಿಬರುತ್ತಾಳೆ. ಇವರು ತುಳುವಿನಲ್ಲಿ ಶುರುಮಾಡಿದರೆ ಕನ್ನಡ ಮಾತ್ರ ಬಲ್ಲ ಟ್ಯಾಬು ತಲೆಬುಡವಿಲ್ಲದೆ ಏನೇನೋ ಗೀಚುತ್ತದೆ. ಓದಿ ಓದಿ ಇಬ್ಬರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಅವರು ಕೊಂಚ ಯೋಚಿಸುತ್ತಾರೆ.

"ಯಾರಾದ್ರೂ ಇದಕ್ಕೆ ಸ್ವಲ್ಪ ತುಳು ಕಲಿಸಿದ್ರೆ ಸಾಕು ಮಾರಾಯ್ರೆ. ನಾನು ಬೈದದ್ದಾದ್ರೂ ಅವಳಿಗೆ ಸರಿಯಾಗಿ ಗೊತ್ತಾಗ್ಲಿ."