ನೋರೀನ್ ಬೀಗತಿಯ ಮುತ್ತಜ್ಜ

ಟೊರಾಂಟೊ ಪಕ್ಕದ ಯೂನಿಯನ್‌ವಿಲ್‌ನ ನೋರೀನ್ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಯಾವ ಮಗು ಯಾವ ತಿರುವಿನಲ್ಲಿ ಹತ್ತುತ್ತದೆ, ಯಾವುದು ಕೈಗವಸು ಮರೆತು ಬರುತ್ತದೆ ಎಂಬುದೆಲ್ಲ ಆಕೆಗೆ ಬಾಯಿಪಾಠ. ಹಿಮ ಬೀಳಲಿ, ದಾರಿ ಕನ್ನಡಿಯಂತೆ ಜಾರಲಿ, ಒಂದೇ ಒಂದು ಮಗುವನ್ನೂ ದಾರಿಯಲ್ಲಿ ಬಿಟ್ಟು ಬಂದವಳಲ್ಲ. ಅಂಥವಳಿಗೆ ತನ್ನ ಮುತ್ತಜ್ಜನೊಬ್ಬ ಮಾತ್ರ ಎಷ್ಟು ಹುಡುಕಿದರೂ ಕೈಗೆ ಸಿಕ್ಕಿರಲಿಲ್ಲ.

ಇದು ನೀಲಾಂಬಿಕಾಗೆ ಮೊದಲ ಭೇಟಿಯಲ್ಲೇ ಗೊತ್ತಾದ ಸಂಗತಿ. ನೀಲಾಂಬಿಕಾ ಗದಗದ ಕಡೆಯವಳು. ಗಂಡ ತೀರಿಕೊಂಡ ಮೇಲೆ ವುಡ್‌ಬ್ರಿಡ್ಜ್‌ನಲ್ಲಿ ಮಗ ಶ್ರೀಕಾಂತನ ಮನೆಗೆ ಬಂದು ನೆಲೆಸಿದವಳು. ಮಗಳು ಅಕ್ಷರಾ ನೋರೀನಳ ಮಗ ಬ್ರೆಂಡನ್‌ನನ್ನು ಮದುವೆಯಾದದ್ದರಿಂದ ಈ ಇಬ್ಬರು ಬೀಗತಿಯರಾದರು. ಇಬ್ಬರ ನಡುವೆ ಮಾತು ಅಂದರೆ ಅಕ್ಷರಾ ಇದ್ದಾಗ ಆಕೆಯ ಬಾಯಿ, ಇಲ್ಲದಾಗ ಕೈಸನ್ನೆ, ಮತ್ತೆ ನೀಲಾಂಬಿಕಾ ಟಿವಿ ನೋಡಿ ಕೂಡಿಸಿಟ್ಟ ಚೂರುಪಾರು ಇಂಗ್ಲಿಷು. ನೋರೀನ್ ಕನ್ನಡದಲ್ಲಿ ಒಂದೇ ಶಬ್ದ ಕಲಿತಿದ್ದಳು: ‘ಬೀಗತಿ’. ಅದನ್ನು ಫೋನ್ ಎತ್ತಿದಾಗ, ಇಟ್ಟಾಗ, ನಡುವೆ ಮಾತು ನಿಂತಾಗ, ಎಲ್ಲದಕ್ಕೂ ಬಳಸುತ್ತಿದ್ದಳು.

ಮುತ್ತಜ್ಜನ ಕಥೆ ಹೀಗಿತ್ತು. ಮೈಕಲ್ ರಯನ್ ಎಂಬ ಹುಡುಗ ಐರ್ಲೆಂಡಿನ ಟಿಪ್ಪರೇರಿ ಸೀಮೆಯಿಂದ ಹಡಗು ಹತ್ತಿ ಟೊರಾಂಟೊಗೆ ಬಂದ. ಇಲ್ಲೇ ಮದುವೆಯಾದ, ಇಲ್ಲೇ ಮಣ್ಣಾದ. ಅವನ ಗೋರಿಕಲ್ಲಿನ ಮೇಲೆ ೧೮೫೨ರ ಸೇಂಟ್ ಮೈಕಲ್ ಹಬ್ಬದ ದಿನ ಹುಟ್ಟಿದವನು ಎಂದು ಕೊರೆದಿದ್ದಾರೆ. ಅವನ ಮದುವೆಯ ದಾಖಲೆಯಲ್ಲಿ ಅಪ್ಪನ ಹೆಸರು ಜಾನ್ ರಯನ್ ಎಂದಿದೆ. ಅವ್ವನ ಹೆಸರಿನ ಜಾಗವನ್ನು ಬರೆದ ಪುಣ್ಯಾತ್ಮ ಖಾಲಿ ಬಿಟ್ಟಿದ್ದಾನೆ. ಐರ್ಲೆಂಡಿನಲ್ಲಿ ಸರ್ಕಾರ ಎಲ್ಲರ ಜನನ ಬರೆದಿಡಲು ತೊಡಗಿದ್ದು ೧೮೬೪ರಿಂದ. ಅದಕ್ಕೂ ಮುಂಚೆ ಹುಟ್ಟಿದವರನ್ನು ಹುಡುಕಬೇಕಾದರೆ ಚರ್ಚಿನಲ್ಲಿ ಪಾದ್ರಿಗಳು ಬರೆದ ದೀಕ್ಷಾಸ್ನಾನದ ಪುಟಗಳೇ ಗತಿ. ಆ ಪುಟಗಳ ಫೋಟೊಗಳು ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ನೋರೀನ್ ಅವನ್ನು ಒಂದೊಂದಾಗಿ ಹೊರಳಿಸಿ ನೋಡಿದ್ದಳು. ಆದರೆ ಟಿಪ್ಪರೇರಿಯಲ್ಲಿ ರಯನ್ ಅಂದರೆ ನಮ್ಮ ಕಡೆ ಪಾಟೀಲರಿದ್ದ ಹಾಗೆ, ಕಲ್ಲು ಒಗೆದರೆ ಒಬ್ಬ ರಯನ್‌ಗೆ ತಾಗುತ್ತದೆ. ಆ ಕಾಲಕ್ಕೆ, ಆ ವಯಸ್ಸಿಗೆ ಹೊಂದುವ ಜಾನ್ ರಯನ್‌ಗಳೇ ಮೂವರು ಸಿಕ್ಕರು. ಒಬ್ಬನ ಹೆಂಡತಿ ಮೇರಿ, ಒಬ್ಬನದು ಬ್ರಿಜೆಟ್, ಇನ್ನೊಬ್ಬನದು ಜೂಡಿತ್. ಮೂವರಿಗೂ ಮನೆ ತುಂಬ ಮಕ್ಕಳು. ಆದರೆ ಮೂರೂ ಊರಿನ ಚರ್ಚಿನಲ್ಲಿ ಮೈಕಲ್ ಇಲ್ಲ.

ಅಕ್ಷರಾ ಬಸುರಿಯಾದಾಗ ಈ ಹುಡುಕಾಟಕ್ಕೆ ಅವಸರ ಬಂತು. ಕೂಸಿಗೆ ಎರಡು ಹೆಸರು, ಮನೆಗೊಂದು, ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ನೀಲಾಂಬಿಕಾ ತನ್ನ ಹಡೆದವ್ವ ಗಂಗವ್ವನ ಹೆಸರು ಕೊಟ್ಟುಬಿಟ್ಟಳು. ನೋರೀನ್, ಹೆಣ್ಣು ಹುಟ್ಟಿದರೆ ಮೈಕಲ್‌ನನ್ನು ಹೆತ್ತ ತಾಯಿಯ ಹೆಸರಿಡೋಣ, ಮಗನನ್ನು ಸಮುದ್ರದಾಚೆ ಕಳಿಸಿ ಕೂತವಳನ್ನು ಯಾರೂ ನೆನೆಸಿಲ್ಲ, ಅಂದಳು. ಆಮೇಲೆ ಸ್ಕ್ಯಾನ್‌ನಲ್ಲಿ ಹೆಣ್ಣೇ ಎಂದು ತಿಳಿಯಿತು. ಮೂರರಲ್ಲಿ ಯಾವುದಾದರೊಂದು ಆರಿಸಮ್ಮ ಎಂದು ಬ್ರೆಂಡನ್ ಹೇಳಿದರೆ ಆಕೆ ಕೇಳಲಿಲ್ಲ. ಪರರ ಮನೆಯ ಅಜ್ಜಿಯನ್ನು ನನ್ನ ಮೊಮ್ಮಗಳ ತಲೆಗೆ ಕಟ್ಟಲಾರೆ ಅಂದಳು.

ಹೀಗಿರುವಾಗ ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ನೀಲಾಂಬಿಕಾ ಮಗಳನ್ನು ಬಾಣಂತನಕ್ಕೆ ವುಡ್‌ಬ್ರಿಡ್ಜ್‌ಗೆ ಕರೆತಂದಳು. ಅದರಲ್ಲಿ ಹೇಳಿಕೇಳುವುದೇನಿದೆ ಎಂದು ಆಕೆಗೆ ಹೊಳೆಯಲೂ ಇಲ್ಲ. ಆಮೇಲಿಂದ ಯೂನಿಯನ್‌ವಿಲ್‌ನ ಫೋನು ನಿಂತುಹೋಯಿತು. ಭಾನುವಾರ ಬ್ರೆಂಡನ್ ಒಬ್ಬನೇ ಬಂದ, ನೆಲ ನೋಡುತ್ತ ಊಟ ಮಾಡಿದ. ಕೆದಕಿ ಕೇಳಿದಾಗ ಅಕ್ಷರಾ ಬಾಯಿಬಿಟ್ಟಳು. ಅತ್ತೆ ಕೂಸಿಗೆಂದು ಮೇಲಿನ ಕೋಣೆಗೆ ತಾನೇ ಹಳದಿ ಬಣ್ಣ ಹೊಡೆದು, ಬ್ರೆಂಡನ್ ಮಲಗಿದ ಹಳೆಯ ತೊಟ್ಟಿಲನ್ನು ಉಜ್ಜಿ ಇಟ್ಟಿದ್ದಾಳೆ. ಕೂಸು ತನ್ನ ಮನೆಗೇ ಬರುತ್ತದೆ ಎಂದುಕೊಂಡಿದ್ದಾಳೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಬೇರೆಯವರಾಗಿದ್ದರೆ ನಗುತ್ತಿದ್ದರು. ನೀಲಾಂಬಿಕಾ ನಗಲಿಲ್ಲ. ಒಂದು ದಿನ ಪೂರ್ತಿ ನಿಂತು ಅಂಟಿನ ಉಂಡಿ ಕಟ್ಟಿ, ಡಬ್ಬಿ ತುಂಬಿಸಿ, ಶ್ರೀಕಾಂತನ ಕಾರಿನಲ್ಲಿ ಯೂನಿಯನ್‌ವಿಲ್‌ಗೆ ಹೋದಳು. ಅವನು ಬಾಗಿಲಿಗೆ ಇಳಿಸಿ ಕೆಲಸಕ್ಕೆ ಓಡಿದ.

ನೋರೀನ್ ಚಹಾ ಕೊಟ್ಟಳು, ಬೀಗತಿ ಅನ್ನಲಿಲ್ಲ. ನೀಲಾಂಬಿಕಾ ತಾನಾಗಿ ಮೆಟ್ಟಿಲು ಹತ್ತಿ ಹಳದಿ ಕೋಣೆಗೆ ಹೋಗಿ, ಗೋಡೆ ಸವರಿ, ತೊಟ್ಟಿಲು ತೂಗಿ ನೋಡಿ, ಕೆಳಗಿಳಿದು ಬಂದು ಎದುರಿಗೆ ಕೂತು ಹೇಳಿದಳು:

“ಫಸ್ಟ್ ಬೇಬಿ, ಮದರ್ ಹೌಸ್. ಸೆಕೆಂಡ್ ಬೇಬಿ, ಯುವರ್ ಹೌಸ್.”

ಈ ಕಾಯಿದೆ ಮಾಡಿದವರು ಯಾರು ಎಂದು ನೋರೀನ್ ಕೇಳಿದಳು.

“ಮೈ ಮದರ್. ಹರ್ ಮದರ್. ಆಲ್ ಮದರ್,” ಅಂದಳು ನೀಲಾಂಬಿಕಾ. ಸ್ವಲ್ಪ ಯೋಚಿಸಿ, “ಬೇಬಿ ಟೈಮ್, ಗರ್ಲ್ ಶೌಟಿಂಗ್. ಮದರ್ ಮ್ಯಾಲ ಶೌಟಿಂಗ್, ಓಕೆ. ಮದರ್-ಇನ್-ಲಾ ಮ್ಯಾಲ ಶೌಟಿಂಗ್, ನಾಟ್ ಓಕೆ.”

ಬಿಗಿದ ಮುಖದಲ್ಲೇ ನೋರೀನ್‌ಗೆ ನಗು ಬಂತು. ನಗುತ್ತ ಒಂದು ಉಂಡಿ ಬಾಯಿಗಿಟ್ಟುಕೊಂಡವಳು ಅಗಿಯುವುದನ್ನು ಅಲ್ಲೇ ನಿಲ್ಲಿಸಿದಳು. ಗಂಟಲಿಗೆ ಸಿಕ್ಕಿತೇನೋ ಎಂದು ನೀಲಾಂಬಿಕಾ ನೀರು ತರಲು ಎದ್ದಳು. ಅದಲ್ಲ, ಆಕೆಗೆ ತನ್ನ ಮನೆಯದೇ ಒಂದು ಸಂಗತಿ ನೆನಪಾಗಿತ್ತು. ನೋರೀನಳ ಅಪ್ಪ ಅವ್ವ ಟೊರಾಂಟೊದಲ್ಲೇ ಬದುಕಿದವರು. ಮಕ್ಕಳೆಲ್ಲ ಟೊರಾಂಟೊದಲ್ಲೇ ಹುಟ್ಟಿದವು. ಹಿರಿಯಣ್ಣನೊಬ್ಬ ಮಾತ್ರ ಪೀಟರ್‌ಬರೊ ಹತ್ತಿರ ತಾಯಿಯ ಕಡೆಯ ಅಜ್ಜಿಯ ತೋಟದ ಮನೆಯಲ್ಲಿ ಹುಟ್ಟಿದ್ದ. ಇದು ಆಕೆಗೆ ಸಣ್ಣಂದಿನಿಂದ ಗೊತ್ತಿದ್ದ ಮಾತು, ಏಕೆಂದು ಯಾರೂ ಕೇಳಿರಲಿಲ್ಲ. ಮೈಕಲ್‌ನನ್ನು ಇಷ್ಟು ದಿನ ಆಕೆ ಹುಡುಕಿದ್ದು ಅಪ್ಪನ ಊರಿನಲ್ಲಿ. ಅವನು ಚೊಚ್ಚಲಾಗಿದ್ದರೆ?

ಕೂಡಲೇ ಅಕ್ಷರಾಗೆ ಫೋನು ಹೋಯಿತು. ಅತ್ತೆ ಇಂಗ್ಲಿಷಿನಲ್ಲಿ ಒಂದು ಕಡೆ, ಅವ್ವ ಕನ್ನಡದಲ್ಲಿ ಒಂದು ಕಡೆ, ಪಾಪ ಬಸುರಿ ನಡುವೆ.

“ಅಕ್ಷೂ, ಆ ಮೂರು ಹೆಣ್ಣಮಕ್ಕಳ ತವರುಮನಿ ಯಾವ ಊರಾಗ ಐತಂತ ಕೇಳ ಆಕಿನ್ನ,” ಅಂದಳು ನೀಲಾಂಬಿಕಾ.

“ಗೊತ್ತಿಲ್ಲಂತ ಅವ್ವ.”

“ಮದುವಿ ಎಲ್ಲಿ ಆತು ಅಂತರೆ ಕೇಳು. ಹಂದರ ಹಾಕೂದು ಹೆಣ್ಣಿನ ಮನಿ ಮುಂದ ಅಲ್ಲೇನು?”

ಅಲ್ಲೂ ಹಾಗೆಯೇ, ಮದುವೆ ಹೆಣ್ಣಿನ ಊರ ಚರ್ಚಿನಲ್ಲೇ ಹೆಚ್ಚು, ಎಂದು ನೋರೀನ್ ಹೇಳಿದಳು. ಹಾಗಾದರೆ ಮದುವೆ ಹುಡುಕಿದರೆ ತವರು ಸಿಕ್ಕುತ್ತದೆ, ತವರು ಸಿಕ್ಕರೆ ಚೊಚ್ಚಲು ಸಿಕ್ಕೀತು. ಮುನಿಸು ಎಲ್ಲಿ ಹೋಯಿತೋ. ಶ್ರೀಕಾಂತ ಸಂಜೆ ಕರೆದೊಯ್ಯಲು ಬಂದಾಗ ಡಬ್ಬಿ ಅರ್ಧ ಖಾಲಿಯಾಗಿತ್ತು. ಅದು ಬಾಣಂತಿಯರು ದಿನಕ್ಕೊಂದರಂತೆ ತಿನ್ನುವ ಉಂಡಿ ಎಂದು ಹೇಳುವುದನ್ನು ನೀಲಾಂಬಿಕಾ ಮರೆತಿದ್ದಳು. ನೋರೀನ್ ಆ ವಾರವಿಡೀ ಮೈ ಬೆಚ್ಚಗಾಗಿದೆ ಎಂದು ಕಿಟಕಿ ತೆರೆದಿಟ್ಟುಕೊಂಡಿದ್ದಳಂತೆ.

ಹುಡುಕಾಟ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಮೇರಿಯ ತವರು ಮೊದಲು ಸಿಕ್ಕಿತು, ಅಲ್ಲಿ ಮೈಕಲ್ ಇಲ್ಲ. ಬ್ರಿಜೆಟ್‌ಳ ಮದುವೆ ಆದದ್ದೇ ಮೈಕಲ್ ಹುಟ್ಟಿ ವರುಷ ಕಳೆದ ಮೇಲೆ. ಉಳಿದವಳು ಜೂಡಿತ್. ಆಕೆಯ ತವರಿನ ಪುಟಗಳಲ್ಲಿ ಮಸಿ ಮಾಸಿ, ಅಕ್ಷರ ಇರುವೆ ಸಾಲಿನಂತೆ ಕಾಣುತ್ತಿತ್ತು. ಅಷ್ಟರಲ್ಲಿ ಇತ್ತ ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ಶನಿವಾರ ನಿಗದಿಯಾಯಿತು. ನೋರೀನ್ ದಿನಾ ಬೆಳಿಗ್ಗೆ ತನ್ನ ಹಳೆಯ ಸ್ಕೂಲ್ ಬಸ್ಸಿನ ವೇಳೆಗೆ ಸರಿಯಾಗಿ ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ವುಡ್‌ಬ್ರಿಡ್ಜ್‌ಗೆ ಬಂದು, ಊಟದ ಮೇಜಿನ ಮುಂದೆ ಕೂರುತ್ತಿದ್ದಳು. ಒಂದು ಕಣ್ಣು ಪುಟದ ಮೇಲೆ, ಒಂದು ಕಣ್ಣು ಮೊಮ್ಮಗಳ ಮೇಲೆ.

ಗುರುವಾರ ನೀಲಾಂಬಿಕಾ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಮೇಜಿನ ಕಡೆ ಸದ್ದೇ ಇಲ್ಲ. ತಲೆಯೆತ್ತಿ ನೋಡಿದರೆ ನೋರೀನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದಾಳೆ.

“ಸಿಕ್ಕನೇನು?” ಅಂದಳು ನೀಲಾಂಬಿಕಾ. ಎಣ್ಣೆ ಕೈ, ಏಳುವಂತಿಲ್ಲ. “ಓದು ಬೀಗತಿ. ರೀಡ್, ರೀಡ್.”

ನೋರೀನ್ ಬೆರಳಿಟ್ಟು ನಿಧಾನವಾಗಿ ಓದಿದಳು, ಅಕ್ಷರಾ ಮಂಚದಿಂದಲೇ ಕನ್ನಡ ಮಾಡಿದಳು. ಸೇಂಟ್ ಮೈಕಲ್ ಹಬ್ಬದ ಮರುದಿನ ದೀಕ್ಷಾಸ್ನಾನ, ಕೂಸಿನ ಹೆಸರು ಮೈಕಲ್. ತಂದೆ ಜಾನ್ ರಯನ್, ತಾಯಿ ಜೂಡಿತ್ ಹೋಗನ್. ಪಕ್ಕದಲ್ಲಿ ತಂದೆಯ ಊರಿನ ಹೆಸರು, ಮುಂದಿನ ಮಕ್ಕಳೆಲ್ಲ ಹುಟ್ಟಿದ ಊರು ಅದೇ. ಚರ್ಚಿನಲ್ಲಿ ಕೂಸನ್ನು ಎತ್ತಿ ಹಿಡಿದವಳು ಮಾರ್ಗರೆಟ್ ಹೋಗನ್.

“ಹೋಗನ್ ಅಂದ್ರ ತಂಗಿ ಇರಬೇಕು,” ಅಂದಳು ನೀಲಾಂಬಿಕಾ. “ಚಿಗವ್ವ ಎತ್ತಿಕೊಂಡಾಳ ಅಂದ ಮ್ಯಾಲ ತವರಮನಿನ. ಇನ್ನೇನು ಸಂಶಯ ಇಲ್ಲ.”

ನೋರೀನ್ ಆ ಸಾಲಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಆಮೇಲೆ ಏನೋ ಅಂದಳು. ಅಕ್ಷರಾ ನಕ್ಕು, ಕಣ್ಣೊರೆಸಿಕೊಂಡು, ಅವ್ವನಿಗೆ ಹೇಳಿದಳು: “ಅಂವ ಬಸ್ ತಪ್ಪಿಸಿಕೊಂಡಿರಲಿಲ್ಲಂತ ಅವ್ವ. ತಾನ ಬ್ಯಾರೆ ಸ್ಟಾಪಿನಾಗ ಕಾಯಕೋತ ನಿಂತಿದ್ನಿ ಅಂತಾರ.”

ಶನಿವಾರ ವುಡ್‌ಬ್ರಿಡ್ಜ್‌ನ ಮನೆಗೆ ಯೂನಿಯನ್‌ವಿಲ್‌ನ ತೊಟ್ಟಿಲು ಬಂತು. ಅದಕ್ಕೆ ಹೂ ಕಟ್ಟಿ, ಗುಗ್ಗರಿ ಬೇಯಿಸಿ, ಪರಿಚಯದ ಹೆಣ್ಣುಮಕ್ಕಳನ್ನೆಲ್ಲ ಕರೆದಿದ್ದರು. ಕಿವಿಯಲ್ಲಿ ಹೆಸರು ಊದಬೇಕಾದವಳು ಸೋದರತ್ತೆ. ಬ್ರೆಂಡನ್‌ಗೆ ಅಕ್ಕತಂಗಿಯರಿಲ್ಲ, ಹಾಗಾಗಿ ಆ ಜಾಗದಲ್ಲಿ ನೋರೀನ್. ಬಗ್ಗಿ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳಬೇಕು ಎಂಬುದನ್ನು ಮಾತ್ರ ಆಕೆಗೆ ಕಲಿಸಿದ್ದರು. ಆಮೇಲೆ ಆಗುವುದನ್ನು ಬೇಕೆಂದೇ ಹೇಳಿರಲಿಲ್ಲ.

ನೋರೀನ್ ಬಗ್ಗಿದಳು. “ಕುರ್ರ್,” ಅಂದಳು. “ಜೂಡಿತ್ ಗಂಗಾ.”

ಆಡಿ ಮುಗಿಸುವುದರೊಳಗೆ ಹೆಂಗಸರೆಲ್ಲ ಸೇರಿ ಆಕೆಯ ಬೆನ್ನಿಗೆ ದಬದಬ ಗುದ್ದಿದರು. ಎಲ್ಲರಿಗಿಂತ ಗಟ್ಟಿ ಗುದ್ದು ನೀಲಾಂಬಿಕಾಳದು, ಫೋನು ಮಾಡದ ದಿನಗಳದ್ದೂ ಅದರಲ್ಲಿ ಸೇರಿತ್ತು. ನೋರೀನ್ ದಿಗಿಲುಬಿದ್ದು ಎದ್ದು ನಿಂತು, ತಾನು ಹೆಸರು ತಪ್ಪಾಗಿ ಹೇಳಿದೆನೇ ಎಂದು ಸೊಸೆಯನ್ನು ಕೇಳಿದಳು. ಇಲ್ಲ, ಸರಿಯಾಗಿ ಹೇಳಿದ್ದಕ್ಕೇ ಇದು ಕೂಲಿ, ಎಂದು ಅಕ್ಷರಾ ಹೇಳಿದಳು.

ನೋರೀನ್ ಬೆನ್ನು ಸವರಿಕೊಳ್ಳುತ್ತ ತೊಟ್ಟಿಲು ನೋಡಿದಳು, ಬೀಗತಿಯನ್ನು ನೋಡಿದಳು.

“ಸೆಕೆಂಡ್ ಬೇಬಿ?” ಅಂದಳು.

“ಯುವರ್ ಹೌಸ್,” ಅಂದಳು ನೀಲಾಂಬಿಕಾ, ಗುಗ್ಗರಿಯ ಬಟ್ಟಲು ಮುಂದೆ ಹಿಡಿದು.

“ನನ್ನ ಯಾರರ ಕೇಳ್ರಿ ಮೊದಲ,” ಅಂದಳು ಮಂಚದ ಮೇಲಿನಿಂದ ಅಕ್ಷರಾ. ಇಬ್ಬರೂ ಕೇಳಿಸದವರಂತೆ ತೊಟ್ಟಿಲು ತೂಗಿದರು.